ಕಮಾಂಡ್ ಲೈನಿನ ಉಪಕರಣಗಳೂ ಕನ್ನಡ ಶಬ್ದಶೋಧನೆಯೂ: ಒಂದು ವಿಮರ್ಶೆ

೧

ಪ್ರಾಚೀನ ಕಾವ್ಯವೊಂದರಲ್ಲಿ ಒಂದು ಶಬ್ದವು ಎಲ್ಲೆಲ್ಲಿ, ಎಷ್ಟು ಸಲ, ಯಾವ ಯಾವ ರೂಪದಲ್ಲಿ ಪ್ರಯೋಗವಾಗಿದೆ ಎಂಬುದನ್ನು ತಿಳಿಯುವುದು ಸಂಶೋಧಕನ ಮೊದಲ ಅಗತ್ಯಗಳಲ್ಲೊಂದು. ಕಾಲನಿರ್ಣಯ, ಕರ್ತೃವಿಚಾರ, ಪಾಠಪರಿಷ್ಕರಣ ಈ ಮೂರು ಕಾರ್ಯಗಳೂ ಬಹುಮಟ್ಟಿಗೆ ಇಂತಹ ಎಣಿಕೆಯನ್ನೇ ಆಶ್ರಯಿಸಿವೆ. ರೆವರೆಂಡ್ ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಈ ಕೆಲಸ ನಡೆದದ್ದು ಮನುಷ್ಯರ ಕಣ್ಣು ಕೈಗಳಿಂದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೯೫ರಲ್ಲಿ ಮುಗಿದಾಗಲೂ ಅದರ ಹಿಂದೆ ದಶಕಗಳ ಕಾಲ ಚೀಟಿಗಳನ್ನು ಬರೆದು, ಜೋಡಿಸಿ, ತಾಳೆ ನೋಡಿದ ವಿದ್ವಾಂಸರ ಶ್ರಮವಿತ್ತು. ಇಂದು ಅದೇ ಬಗೆಯ ಹುಡುಕಾಟವನ್ನು ಸಾಮಾನ್ಯ ಕಂಪ್ಯೂಟರೊಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಅದಕ್ಕೆ ಬೆಲೆಬಾಳುವ ತಂತ್ರಾಂಶವೇನೂ ಬೇಕಿಲ್ಲ. ಟರ್ಮಿನಲ್ ಎಂಬ ಕಿಟಕಿಯೊಂದನ್ನು ತೆರೆದು, ಒಂದು ಸಾಲಿನ ಆಜ್ಞೆಯನ್ನು ಬರೆದರೆ ಸಾಕು.

ಈ ಆಜ್ಞೆಗಳು ಸಂಶೋಧಕರಿಗಾಗಿ ಹುಟ್ಟಿದವಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸಕ್ಕೆಂದು ಮಾಡಿಕೊಂಡ ಸಲಕರಣೆಗಳು ಇವು. ಇವನ್ನು ಈಗ ನಮ್ಮವರು ಕನ್ನಡ ಪಠ್ಯಗಳಿಗೂ ಹಚ್ಚುತ್ತಿದ್ದಾರೆ. ‘ಈ ಶಬ್ದ ಈ ಕಾವ್ಯದಲ್ಲಿ ಇಷ್ಟು ಸಲ ಬಂದಿದೆ’, ‘ಈ ಶಬ್ದ ಇಲ್ಲಿ ಬಂದೇ ಇಲ್ಲ’ ಎಂಬ ಹೇಳಿಕೆಗಳು ಗೋಷ್ಠಿಗಳಲ್ಲಿಯೂ ಲೇಖನಗಳಲ್ಲಿಯೂ ಕಾಣಿಸಿಕೊಳ್ಳತೊಡಗಿವೆ. ಇಂತಹ ಹೇಳಿಕೆಗಳನ್ನು ನಾವು ಎಷ್ಟರಮಟ್ಟಿಗೆ ಪ್ರಮಾಣವಾಗಿ ಅಂಗೀಕರಿಸಬಹುದು? ಇದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರಿಭಾಷೆಯನ್ನು ಕುರಿತು ಒಂದು ಮಾತು. ಕಮಾಂಡ್ ಲೈನ್ ಎಂಬುದನ್ನು ‘ಆಜ್ಞಾಪಂಕ್ತಿ’ ಎಂದು ಕನ್ನಡಿಸುವುದು ಕಷ್ಟವೇನಲ್ಲ. ಆದರೆ ಅದನ್ನು ದಿನವೂ ಬಳಸುವ ಕನ್ನಡಿಗರ ಬಾಯಲ್ಲಿ ಇರುವುದು ಕಮಾಂಡ್ ಲೈನ್ ಎಂಬ ಮಾತೇ. ಬ್ಯಾಂಕು, ಚೆಕ್ಕು, ಲೆಡ್ಜರುಗಳನ್ನು ಒಪ್ಪಿಕೊಂಡ ಭಾಷೆಗೆ ಇದೂ ಭಾರವಾಗದೆಂದು ನಂಬಿ, ರೂಢಿಯ ಶಬ್ದಗಳನ್ನೇ ಇಲ್ಲಿ ಉಳಿಸಿಕೊಂಡಿದೆ.

೨

ಉಪಕರಣವನ್ನು ಬಳಸುವ ಮೊದಲು ಅದನ್ನು ಹುಡುಕಬೇಕು. ಈ ಹುಡುಕಾಟದ ರೀತಿಯೇ ಒಂದು ಪಾಠವನ್ನು ಕಲಿಸುತ್ತದೆ. ನಾವು ‘ಗ್ರೆಪ್’ ಎಂದು ಬರೆದು ಕೀಲಿಯನ್ನೊತ್ತಿದೊಡನೆ ಯಂತ್ರವು ಇಡೀ ತನ್ನ ಭಂಡಾರವನ್ನು ಶೋಧಿಸುವುದಿಲ್ಲ. ‘ಪಾತ್’ ಎಂಬ ಹೆಸರಿನ ಒಂದು ಪಟ್ಟಿ ಅದರ ಬಳಿ ಇರುತ್ತದೆ. ಆ ಪಟ್ಟಿಯಲ್ಲಿ ಹೇಳಿದ ಕಪಾಟುಗಳನ್ನು ಮಾತ್ರ, ಹೇಳಿದ ಅನುಕ್ರಮದಲ್ಲಿಯೇ ನೋಡಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ತೆಗೆದುಕೊಳ್ಳುತ್ತದೆ. ಅದೇ ಹೆಸರಿನ ಇನ್ನೊಂದು ಪ್ರತಿ ಮುಂದಿನ ಕಪಾಟಿನಲ್ಲಿದ್ದರೂ ಅದಕ್ಕೆ ಕೈಹಾಕುವುದಿಲ್ಲ. ಸಿಕ್ಕದೆ ಹೋದರೆ ‘ಆಜ್ಞೆ ಸಿಗಲಿಲ್ಲ’ ಎಂದು ಹೇಳಿ ೧೨೭ ಎಂಬ ಅಂಕವನ್ನು ಹಿಂದಿರುಗಿಸುತ್ತದೆ. ಸಿಕ್ಕಿತು, ಆದರೆ ಅದನ್ನು ನಡೆಸಲು ಅನುಮತಿಯಿಲ್ಲ ಎಂದಾದರೆ ಅಂಕ ೧೨೬. ಇಲ್ಲದಿರುವುದಕ್ಕೂ, ಇದ್ದೂ ದಕ್ಕದಿರುವುದಕ್ಕೂ ಬೇರೆ ಬೇರೆ ಗುರುತುಗಳನ್ನಿಟ್ಟಿರುವ ಈ ವಿವೇಚನೆ ಮೆಚ್ಚತಕ್ಕದ್ದು. ನಮ್ಮ ಹಸ್ತಪ್ರತಿ ಭಂಡಾರಗಳ ಅನುಭವವಿರುವವರಿಗೆ ಈ ಭೇದದ ಬೆಲೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದೇ ಹೆಸರಿನ ಉಪಕರಣವು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ನೂ ಪರಂಪರೆಯ ಗ್ರೆಪ್. ಆಪಲ್ ಯಂತ್ರಗಳಲ್ಲಿರುವುದು ಬರ್ಕ್ಲಿ ಪರಂಪರೆಯದು. ಮೊದಲನೆಯದರಲ್ಲಿ ದೊರೆಯುವ ಕೆಲವು ಶೋಧನಕ್ರಮಗಳು ಎರಡನೆಯದರಲ್ಲಿಲ್ಲ. ಆದುದರಿಂದ ‘ಗ್ರೆಪ್‌ನಿಂದ ಹುಡುಕಿದೆ’ ಎಂಬ ಮಾತು, ‘ಪಂಪಭಾರತವನ್ನು ನೋಡಿದೆ’ ಎಂದು ಹೇಳಿ ಯಾವ ಮುದ್ರಣವೆಂಬುದನ್ನು ಹೇಳದೆ ಬಿಟ್ಟಷ್ಟೇ ಅಪೂರ್ಣವಾದುದು.

ಆಪಲ್ ಯಂತ್ರಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಲ್ಲಿ ಪ್ರೋಗ್ರಾಂಕಾರರ ಉಪಕರಣಗಳನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ತರಿಸಿಕೊಳ್ಳುವ ಮೊದಲೇ ‘ಗಿಟ್’ ಮೊದಲಾದ ಹೆಸರಿನ ಕಡತಗಳು ತಮ್ಮ ಸ್ಥಾನದಲ್ಲಿ ಕುಳಿತಿರುತ್ತವೆ. ‘ವಿಚ್’ ಎಂಬ ಆಜ್ಞೆಯಿಂದ ವಿಚಾರಿಸಿದರೆ ‘ಇಲ್ಲಿದೆ’ ಎಂಬ ಉತ್ತರವೇ ಬರುತ್ತದೆ. ನಡೆಸಹೋದರೆ ಮಾತ್ರ, ನಿಜವಾದ ಉಪಕರಣವನ್ನು ಇನ್ನೂ ತರಿಸಿಕೊಳ್ಳಬೇಕಾಗಿದೆಯೆಂದು ತಿಳಿಯುತ್ತದೆ. ಅಲ್ಲಿ ಕುಳಿತದ್ದು ಒಬ್ಬ ಪ್ರತಿನಿಧಿ. ಅಸಲು ಬೇರೊಂದು ಕೋಶದಲ್ಲಿರಬೇಕು. ಆ ಅಸಲನ್ನು ಕಂಡುಹಿಡಿದು ನಡೆಸುವುದಕ್ಕಾಗಿಯೇ ‘ಎಕ್ಸ್‌ಸಿರನ್’ ಎಂಬ ಉಪಕರಣವನ್ನು ಇಟ್ಟಿದ್ದಾರೆ. ಯಾವ ಕೋಶವನ್ನು ಅಸಲೆಂದು ಆರಿಸಿದೆಯೆಂಬುದನ್ನು ‘ಎಕ್ಸ್‌ಕೋಡ್-ಸೆಲೆಕ್ಟ್’ ಎಂಬುದು ಹೇಳುತ್ತದೆ. ಸೂಚಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಗ್ರಂಥವು ಕೈಸೇರಿದಂತಾಗುವುದಿಲ್ಲವೆಂಬ ಹಳೆಯ ಅನುಭವವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

೩

ಈ ಉಪಕರಣಗಳ ಗುಣವೇನೆಂಬುದಕ್ಕೆ ಒಂದು ಪ್ರಸಿದ್ಧ ವಿಮರ್ಶೆಯೇ ಉದಾಹರಣೆಯಾಗಿದೆ. ೧೯೮೬ರಲ್ಲಿ ಜಾನ್ ಬೆಂಟ್ಲಿಯವರು ಗಣಕಶಾಸ್ತ್ರದ ಒಂದು ಮಾಸಪತ್ರಿಕೆಯಲ್ಲಿ ನಡೆಸುತ್ತಿದ್ದ ಅಂಕಣಕ್ಕಾಗಿ ಡೊನಾಲ್ಡ್ ಕ್ನೂತ್ ಅವರನ್ನು ಒಂದು ಪ್ರೋಗ್ರಾಂ ಬರೆದುಕೊಡಲು ಕೇಳಿದರು. ಕೊಟ್ಟ ಸಮಸ್ಯೆ ಸರಳವಾದುದು: ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬರುವ ಶಬ್ದಗಳನ್ನು, ಅವುಗಳ ಎಣಿಕೆಯೊಂದಿಗೆ, ಇಳಿಕೆಯ ಕ್ರಮದಲ್ಲಿ ಕೊಡಬೇಕು. ಕ್ನೂತ್ ಅವರು ಪ್ರೋಗ್ರಾಮನ್ನು ಪ್ರಬಂಧದಂತೆ ಓದಿಸಿಕೊಂಡು ಹೋಗಬೇಕೆಂಬ ಮತದವರು. ಹಲವು ಪುಟಗಳ, ಚತುರವಾದ, ಟೀಕಾಸಹಿತವಾದ ಕೃತಿಯೊಂದನ್ನು ರಚಿಸಿದರು. ಅದನ್ನು ವಿಮರ್ಶಿಸುವ ಹೊಣೆ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ ಅವರದಾಯಿತು. ಅವರು ಕೃತಿಯ ಕೌಶಲವನ್ನು ಹೊಗಳಿದರು. ಅನಂತರ ಅದೇ ಕೆಲಸವನ್ನು ಮಾಡುವ ಆರು ಆಜ್ಞೆಗಳ ಒಂದು ಸರಪಣಿಯನ್ನು ಮುಂದಿಟ್ಟರು.

ಆ ಸರಪಣಿಯ ರಚನೆ ಹೀಗಿದೆ. ಮೊದಲನೆಯ ಆಜ್ಞೆಯಾದ ‘ಟಿಆರ್’ ಅಕ್ಷರವಲ್ಲದುದನ್ನೆಲ್ಲ ಸಾಲುಮುರಿವನ್ನಾಗಿ ಮಾರ್ಪಡಿಸಿ, ಸಾಲಿಗೊಂದು ಶಬ್ದ ನಿಲ್ಲುವಂತೆ ಮಾಡುತ್ತದೆ. ಎರಡನೆಯದು ದೊಡ್ಡಕ್ಷರಗಳನ್ನು ಸಣ್ಣಕ್ಷರಗಳಾಗಿಸುತ್ತದೆ. ಮೂರನೆಯದಾದ ‘ಸಾರ್ಟ್’ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ನಾಲ್ಕನೆಯದಾದ ‘ಯೂನಿಕ್’ ಒಂದೇ ಬಗೆಯ ಸಾಲುಗಳನ್ನು ಒಂದುಗೂಡಿಸಿ ಎಣಿಕೆ ಬರೆಯುತ್ತದೆ. ಐದನೆಯದು ಎಣಿಕೆಯ ಪ್ರಕಾರ ಮತ್ತೆ ಜೋಡಿಸುತ್ತದೆ. ಆರನೆಯದಾದ ‘ಸೆಡ್’ ಬೇಕಾದಷ್ಟು ಸಾಲುಗಳನ್ನು ಕೊಟ್ಟು ನಿಲ್ಲುತ್ತದೆ. ಒಂದರ ಫಲವು ಮುಂದಿನದಕ್ಕೆ ಆಹಾರವಾಗುವ ಈ ‘ಪೈಪ್’ ಏರ್ಪಾಡು ಯೂನಿಕ್ಸ್ ವ್ಯವಸ್ಥೆಗೆ ಸೇರಿದ್ದು ೧೯೭೩ರಲ್ಲಿ, ಅದೇ ಮೆಕಿಲ್‌ರಾಯ್ ಅವರ ಒತ್ತಾಯದಿಂದ. ಕೆನ್ ಥಾಂಪ್ಸನ್ ಅವರ ಗ್ರೆಪ್ ಕೂಡ ಅದೇ ವರ್ಷದ್ದು.

ಆರು ಆಜ್ಞೆಗಳಲ್ಲಿ ಒಂದೊಂದೂ ಒಂದೊಂದೇ ಕೆಲಸವನ್ನು ಮಾಡುತ್ತದೆ. ಯಾವುದೂ ಮತ್ತೊಂದರ ಒಳಗನ್ನು ಅರಿಯದು. ಮಿತಾಕ್ಷರತೆಯಲ್ಲಿ ಇದು ನಮ್ಮ ವ್ಯಾಕರಣಸೂತ್ರಗಳನ್ನು ನೆನಪಿಗೆ ತರುತ್ತದೆ. ಸೂತ್ರಕ್ಕೆ ವೃತ್ತಿ ಬೇಕಾದಂತೆ ಇವಕ್ಕೂ ವ್ಯಾಖ್ಯಾನ ಬೇಕು. ‘ಮ್ಯಾನ್’ ಎಂಬ ಆಜ್ಞೆಯಿಂದ ತೆರೆಯುವ ಕೈಪಿಡಿಯ ಪುಟಗಳು ಅದನ್ನು ಒದಗಿಸುತ್ತವೆ. ಸಾಹಿತ್ಯದ ವಿದ್ಯಾರ್ಥಿಯು ಈ ವಿವಾದದಲ್ಲಿ ಮೆಕಿಲ್‌ರಾಯ್ ಅವರ ಪಕ್ಷವನ್ನು ಹಿಡಿಯುವುದು ಸಹಜ. ಆದರೆ ಈ ಸರಪಣಿಗೆ ಕನ್ನಡವನ್ನು ಉಣ್ಣಿಸಿ ನೋಡಿದವರಿಗೆ ತೀರ್ಪು ಅಷ್ಟು ಸುಲಭವಾಗಿ ತೋರದು.

ಮೆಕಿಲ್‌ರಾಯ್ ಅವರ ಮೊದಲ ಆಜ್ಞೆಯಲ್ಲಿ ‘ಅಕ್ಷರ’ವೆಂದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು, ದೊಡ್ಡವು ಮತ್ತು ಸಣ್ಣವು. ಅವುಗಳ ಹೊರಗಿನದೆಲ್ಲವೂ ಅಕ್ಷರವಲ್ಲದುದು. ಅಂತಹವು ಒತ್ತಾಗಿ ಬಂದರೆ ಎಲ್ಲ ಸೇರಿ ಒಂದೇ ಸಾಲುಮುರಿವು. ಆದುದರಿಂದ ಅಚ್ಚಗನ್ನಡದ ಕಾವ್ಯವನ್ನು ಈ ಸರಪಣಿಗೆ ಕೊಟ್ಟರೆ, ಅದು ಎಷ್ಟೇ ದೊಡ್ಡದಾಗಿರಲಿ, ಕೊನೆಗೆ ಹೊರಬರುವುದು ಒಂದೇ ಒಂದು ಬರಿದಾದ ಸಾಲು. ಅದರ ಮುಂದೆ ೧ ಎಂಬ ಎಣಿಕೆ. ಗಮನಿಸಬೇಕಾದುದು ಏನೆಂದರೆ, ಯಂತ್ರವು ಎಲ್ಲಿಯೂ ತಪ್ಪಾಯಿತೆಂದು ಹೇಳುವುದಿಲ್ಲ. ಆರೂ ಆಜ್ಞೆಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮುಗಿಸಿರುತ್ತವೆ. ಸರಪಣಿಯ ಸರಳತೆಯು ಭಾಗಶಃ ಅದರ ಭಾಷೆಯ ಸರಳತೆಯಿಂದ ಬಂದದ್ದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೊದಲ ಆಜ್ಞೆಯಲ್ಲಿ ಕನ್ನಡದ ಅಕ್ಷರಗಳನ್ನು ಹೆಸರಿಸಿಬಿಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು. ಯೂನಿಕೋಡಿನ ಮೊದಲ ಆವೃತ್ತಿ ೧೯೯೧ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ೧೨೮ ಸ್ಥಾನಗಳ ಒಂದು ಕೇರಿ ದೊರೆತಿತ್ತು. ೧೯೯೨ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರು ರೂಪಿಸಿದ ಯುಟಿಎಫ್-೮ ಎಂಬ ಲೇಖನಕ್ರಮದಲ್ಲಿ ಆ ಕೇರಿಯ ಪ್ರತಿಯೊಂದು ಚಿಹ್ನೆಯೂ ಮೂರು ಬೈಟುಗಳಷ್ಟು ಸ್ಥಳವನ್ನು ಹಿಡಿಯುತ್ತದೆ. ಗ್ನೂ ಪರಂಪರೆಯ ಟಿಆರ್ ಆದರೋ ಒಂದು ಬೈಟಿನ ಅಕ್ಷರಗಳನ್ನು ಮಾತ್ರ ಪೂರ್ಣವಾಗಿ ಬಲ್ಲುದೆಂದು ಅದರ ಕೈಪಿಡಿಯೇ ಬಹುಕಾಲದಿಂದ ಹೇಳುತ್ತ ಬಂದಿದೆ. ಅದರ ಕೈಗೆ ಕನ್ನಡವನ್ನು ಕೊಟ್ಟರೆ ಅಕ್ಷರವೇ ಮೂರು ತುಂಡಾಗುವ ಸಂಭವವಿದೆ. ಮೊದಲ ಆಜ್ಞೆಯ ಸ್ಥಾನದಲ್ಲಿ, ಹೊಂದಿದ ಭಾಗವನ್ನಷ್ಟೇ ಸಾಲಾಗಿ ಕೊಡುವಂತೆ ಗ್ರೆಪ್ ಅನ್ನು ನಿಯೋಜಿಸಿ, ಕನ್ನಡ ಲಿಪಿಯ ಚಿಹ್ನೆಗಳನ್ನು ಆರಿಸಲು ಹೇಳಿದರೆ ಕೆಲಸ ನಡೆಯುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದಿರುವುದರಿಂದ ಎರಡನೆಯ ಆಜ್ಞೆಯೇ ಬೇಕಿಲ್ಲ, ಐದರಲ್ಲಿ ಮುಗಿಯುತ್ತದೆ. ಈ ಒಂದು ಅಂಶದಲ್ಲಿ ನಮ್ಮ ಲಿಪಿಯು ಇಂಗ್ಲಿಷಿಗಿಂತ ಉಪಕರಣಕ್ಕೆ ಅನುಕೂಲವಾಗಿದೆ.

೪

ಎಣಿಕೆಯ ವಿಷಯವನ್ನು ನೋಡೋಣ. ‘ಕನ್ನಡ’ ಎಂಬ ಶಬ್ದದಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಮಗುವೂ ಮೂರು ಎನ್ನುತ್ತದೆ. ‘ಡಬ್ಲ್ಯುಸಿ’ ಎಂಬ ಎಣಿಕೆಯ ಉಪಕರಣವನ್ನು ಕೇಳಿದರೆ ಎರಡು ಉತ್ತರಗಳು ದೊರೆಯುತ್ತವೆ. ಸಾಲಿನ ಕೊನೆಯ ಗುರುತನ್ನು ಬಿಟ್ಟರೆ, ಬೈಟುಗಳ ಲೆಕ್ಕದಲ್ಲಿ ೧೫. ಯೂನಿಕೋಡ್ ಚಿಹ್ನೆಗಳ ಲೆಕ್ಕದಲ್ಲಿ ೫. ಕ, ನ, ವಿರಾಮ, ನ, ಡ ಎಂಬ ಐದು ಚಿಹ್ನೆಗಳನ್ನು ಅದು ಎಣಿಸಿದೆ. ‘ಸ್ತ್ರೀ’ ಎಂಬುದು ನಮ್ಮ ಲೆಕ್ಕದಲ್ಲಿ ಒಂದೇ ಅಕ್ಷರ. ಯಂತ್ರಕ್ಕೆ ೬ ಚಿಹ್ನೆ, ೧೮ ಬೈಟು. ಹೀಗಿರುವಾಗ ಅಕ್ಷರಗಣದ ವೃತ್ತಗಳನ್ನು ಇಂತಹ ಎಣಿಕೆಯಿಂದ ಪರೀಕ್ಷಿಸಹೊರಡುವುದು ಸಾಹಸವೇ ಸರಿ. ಅಕ್ಷರವೆಂಬ ಕಲ್ಪನೆಯನ್ನು ಉಪಕರಣಕ್ಕೆ ಬೇರೆಯಾಗಿ ಕಲಿಸಿದ ಮೇಲಲ್ಲದೆ ಆ ಕಾರ್ಯವು ಸಿದ್ಧಿಸದು.

ಅಕಾರಾದಿಯ ವಿಷಯದಲ್ಲಿ ಕಷ್ಟ ಇನ್ನೂ ಸೂಕ್ಷ್ಮವಾದುದು. ಸಾರ್ಟ್‌ಗೆ ಬೈಟುಗಳ ಕ್ರಮದಲ್ಲಿಯೇ ಜೋಡಿಸೆಂದು ಹೇಳಿದರೆ, ಅದು ಯೂನಿಕೋಡ್ ಕೇರಿಯಲ್ಲಿ ಮನೆಗಳಿರುವ ಕ್ರಮವನ್ನು ಅನುಸರಿಸುತ್ತದೆ. ವ್ಯಂಜನಗಳು ಮೊದಲು, ಸ್ವರಚಿಹ್ನೆಗಳು ಅನಂತರ, ವಿರಾಮ ಅವುಗಳ ಅನಂತರ ಇರುವುದರಿಂದ ಕವಿ, ಕಾಲ, ಕ್ರಮ ಎಂಬ ಸರಣಿ ನಮಗೆ ಒಪ್ಪುವಂತೆಯೇ ಬರುತ್ತದೆ. ಹಳಗನ್ನಡದ ‘ಕೞಿ’ ಎಂಬ ಶಬ್ದವನ್ನು ಸೇರಿಸಿದೊಡನೆ ಕ್ರಮ ಕೆಡುತ್ತದೆ. ರಳವೆಂದು ಕೇಶಿರಾಜನು ಹೆಸರಿಸಿದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು ಇತರ ವ್ಯಂಜನಗಳ ಸಾಲಿನಲ್ಲಲ್ಲ. ಸ್ವರಚಿಹ್ನೆಗಳನ್ನೂ ವಿರಾಮವನ್ನೂ ದಾಟಿ, ದೂರದಲ್ಲಿ ಒಂಟಿಯಾಗಿ. ಆದುದರಿಂದ ‘ಕೞಿ’ಯು ‘ಕಾಲ’ಕ್ಕಿಂತ ಮುಂಚೆ ಬರುವುದಕ್ಕೆ ಬದಲಾಗಿ ‘ಕ್ರಮ’ಕ್ಕೂ ಹಿಂದೆ ಬೀಳುತ್ತದೆ. ಇದನ್ನು ತಿಳಿಯದವನು ಸೂಚಿಯನ್ನು ನೋಡಿ, ಇರಬೇಕಾದ ಎಡೆಯಲ್ಲಿ ಕಾಣದೆ, ಶಬ್ದವೇ ಇಲ್ಲವೆಂದು ಭಾವಿಸುವ ಅಪಾಯವಿದೆ.

ಈ ೞಕಾರದ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಯೂನಿಕೋಡಿನ ಪಟ್ಟಿಯಲ್ಲಿ ಇದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು ‘ಕನ್ನಡ ಅಕ್ಷರ ಫ’ ಎಂಬರ್ಥದ್ದು. ಇದು ತಪ್ಪೆಂದು ಆ ಸಂಸ್ಥೆಯೇ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ಸ್ಥಿರತೆಯ ನಿಯಮವಿರುವುದರಿಂದ ಹಳೆಯ ಹೆಸರು ಹಾಗೆಯೇ ಉಳಿದು, ಸರಿಯಾದದ್ದು ಉಪನಾಮವಾಗಿ ಸೇರಿದೆ. ಪಠ್ಯಗಳು ಒಡೆಯಬಾರದೆಂಬ ಕಾರಣದಿಂದ ಆ ನಿಯಮವೂ ಯುಕ್ತವಾದುದೇ. ಆದರೆ ಹೆಸರಿನಿಂದ ಅಕ್ಷರವನ್ನು ಹುಡುಕುವ ಉಪಕರಣವನ್ನು ಬಳಸುವ ನಮ್ಮ ತರುಣನಿಗೆ ೞಕಾರವು ಫಕಾರದ ವೇಷದಲ್ಲಿ ಎದುರಾಗುತ್ತದೆ. ಕನ್ನಡದ ಕೆಲಸವನ್ನು ಕನ್ನಡಿಗರು ಸಕಾಲದಲ್ಲಿ ಕೈಗೆ ತೆಗೆದುಕೊಳ್ಳದಿದ್ದರೆ ತಪ್ಪುಗಳು ಹೇಗೆ ಶಾಶ್ವತವಾಗುತ್ತವೆಂಬುದಕ್ಕೆ ಇದೊಂದು ನಿದರ್ಶನ.

೫

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ‘ಊರು’ ಎಂಬ ಶಬ್ದವನ್ನು ಒಂದು ಕಥಾಸಂಗ್ರಹದಲ್ಲಿ ಹುಡುಕಬೇಕಾಗಿದೆಯೆಂದು ಭಾವಿಸೋಣ. ಗ್ರೆಪ್‌ಗೆ ‘ಊರು’ ಎಂದು ಕೊಟ್ಟರೆ ‘ಊರಿಗೆ’, ‘ಊರಲ್ಲಿ’, ‘ಊರಿನವರು’ ಎಂಬ ರೂಪಗಳು ತಪ್ಪಿಹೋಗುತ್ತವೆ. ಏಕೆಂದರೆ ಅಲ್ಲಿ ಉಕಾರವಿಲ್ಲ. ‘ಊರ’ ಎಂದು ಕೊಟ್ಟರೆ ಇವೆಲ್ಲ ದೊರೆಯುತ್ತವೆ; ಜೊತೆಗೆ ‘ಊರುಗೋಲು’, ‘ಊರ್ವಶಿ’ ಎಂಬವೂ ಬಂದು ಸೇರುತ್ತವೆ. ಇದು ಬೇರ್ಪಡಿಸಬಹುದಾದ ಕಳೆ, ಇದರಿಂದ ಹಾನಿಯಿಲ್ಲ. ಹಾನಿಯಿರುವುದು ಬೇರೊಂದು ಕಡೆ. ‘ನಮ್ಮೂರು’ ಎಂಬ ಶಬ್ದವು ಈ ಎರಡೂ ಬಗೆಯಿಂದ ಸಿಕ್ಕುವುದಿಲ್ಲ. ನಮ್ಮ ಎಂಬುದರ ಕೊನೆಯ ಅಕಾರವು ಲೋಪಸಂಧಿಯಿಂದ ಹೋಗಿ, ಊಕಾರವು ಮಕಾರದ ಮೇಲೆ ಸ್ವರಚಿಹ್ನೆಯಾಗಿ ಕುಳಿತಿದೆ. ಯೂನಿಕೋಡಿನಲ್ಲಿ ಸ್ವತಂತ್ರವಾದ ಊಕಾರವೂ ವ್ಯಂಜನಕ್ಕೆ ಹತ್ತಿದ ಊಕಾರವೂ ಎರಡು ಬೇರೆ ಚಿಹ್ನೆಗಳು. ಆದುದರಿಂದ ಪರಸ್ಥಳದ ಕನ್ನಡಿಗನು ತನ್ನ ಬರೆಹದಲ್ಲಿ ಎಷ್ಟು ಸಲ ‘ನಮ್ಮೂರು’, ‘ನಿಮ್ಮೂರು’, ‘ಹುಟ್ಟೂರು’ ಎಂದು ಬರೆದಿದ್ದರೂ ಉಪಕರಣವು ಅಲ್ಲಿ ಊರೇ ಇಲ್ಲವೆಂದು ಲೆಕ್ಕ ಕೊಡುತ್ತದೆ. ಎರಡೂ ಚಿಹ್ನೆಗಳಲ್ಲಿ ಯಾವುದಾದರೂ ಸರಿಯೆಂದು ಬರೆದುಕೊಟ್ಟರೆ ಈ ರೂಪಗಳು ಸಿಗುತ್ತವೆ. ಆದರೆ ಆಗ ‘ನೂರು’, ‘ಮೂರು’, ‘ದೂರ’, ‘ಸೂರು’ ಎಂಬವೆಲ್ಲ ಒಟ್ಟಿಗೆ ನುಗ್ಗುತ್ತವೆ. ಅವನ್ನು ಜರಡಿ ಹಿಡಿಯುವುದು ಕನ್ನಡ ಬಲ್ಲವನ ಕೆಲಸ. ಸಂಧಿಪ್ರಕರಣವನ್ನು ಓದದವನು ಏನನ್ನು ಹುಡುಕಬೇಕೆಂಬುದನ್ನೇ ಅರಿಯನು.

ಸಂಧಿಯ ಕಷ್ಟವು ಕಣ್ಣಿಗೆ ಕಾಣುವಂತಹದು. ಕಣ್ಣಿಗೆ ಕಾಣದ ಪಾಠಾಂತರಗಳೂ ಉಂಟು. ‘ಕೋ’ ಎಂಬ ಅಕ್ಷರವನ್ನು ಕಕಾರ ಮತ್ತು ಓಕಾರದ ಚಿಹ್ನೆ ಎಂಬ ಎರಡು ಸಂಕೇತಗಳಿಂದ ಬರೆಯಬಹುದು. ಅಥವಾ ಓಕಾರದ ಚಿಹ್ನೆಯನ್ನು ಬಿಡಿಸಿ ಕಕಾರ, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ನಾಲ್ಕರಿಂದ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಶಾಸ್ತ್ರವು ವಿಧಿಸಿದೆ. ತೆರೆಯ ಮೇಲೂ ಎರಡೂ ಒಂದೇ ಆಗಿ ಕಾಣುತ್ತವೆ. ಗ್ರೆಪ್ ಮಾತ್ರ ಇವನ್ನು ಬೇರೆಯೆಂದೇ ತಿಳಿಯುತ್ತದೆ. ಹಾಗೆಯೇ ‘ರಾಜ್‌ಕುಮಾರ್’ ಎಂಬಲ್ಲಿ ಜಕಾರವೂ ಕಕಾರವೂ ಒತ್ತಾಗಿ ಸೇರದಂತೆ ತಡೆಯುವ ಅಗಲವಿಲ್ಲದ ಚಿಹ್ನೆಯೊಂದಿದೆ. ಹುಡುಕುವವನು ಅದನ್ನು ಬರೆಯದಿದ್ದರೆ ಹೆಸರು ಸಿಗದು. ಮೇಲೆ ಹೇಳಿದ ಶಬ್ದಗಣನೆಯ ಸರಪಣಿಯಲ್ಲಾದರೆ ಅದು ಅಲ್ಲಿಗೇ ಮುರಿದು ಎರಡು ಶಬ್ದವಾಗುತ್ತದೆ. ಓಲೆಗರಿಯ ಲಿಪಿಕಾರನ ತಪ್ಪುಗಳನ್ನು ಕಣ್ಣಿಟ್ಟು ನೋಡಿದರೆ ಗುರುತಿಸಬಹುದಾಗಿತ್ತು. ಈ ಭೇದಗಳನ್ನು ಗುರುತಿಸಲು ಮತ್ತೊಂದು ಉಪಕರಣವೇ ಬೇಕು. ‘ಯೂಕಾನ್ವ್’ ಎಂಬುದು ಅಂತಹದು. ಬಿಡಿಸಿ ಬರೆದದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಶಕ್ತಿ ಅದಕ್ಕಿದೆ. ಹುಡುಕುವುದಕ್ಕೆ ಮೊದಲು ಪಠ್ಯವನ್ನು ಈ ಸಂಸ್ಕಾರಕ್ಕೆ ಒಳಪಡಿಸುವುದು ಅವಶ್ಯವೆಂದು ಹೇಳಬೇಕಾಗಿದೆ.

ಇವೆಲ್ಲಕ್ಕಿಂತ ದೊಡ್ಡ ಮೌನವೊಂದಿದೆ. ೧೯೯೮ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಈ ತಂತ್ರಾಂಶಗಳು ಕನ್ನಡದ ಬರೆವಣಿಗೆಗೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಅಂದಿನ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಮೊದಲಾದ ಲಿಪಿಗಳ ಅಕ್ಷರಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇದ್ದಾಗ ಕಡತವು ಕನ್ನಡವಾಗಿ ಕಾಣುತ್ತದೆ. ಯಂತ್ರದ ದೃಷ್ಟಿಯಲ್ಲಿ ಅದರೊಳಗೆ ಕನ್ನಡದ ಒಂದು ಅಕ್ಷರವೂ ಇಲ್ಲ. ಪರಸ್ಥಳದ ಕನ್ನಡ ಸಂಘಗಳು ಎರಡು ದಶಕಗಳ ಹಿಂದೆ ಅಚ್ಚುಮಾಡಿದ ಸಂಚಿಕೆಗಳ, ಸ್ಮರಣಸಂಪುಟಗಳ ಕಡತಗಳಲ್ಲಿ ಹೆಚ್ಚಿನವು ಈ ಸ್ಥಿತಿಯಲ್ಲಿರುವಂತಹವೇ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಂಗಳು ಇವೆ. ಪರಿವರ್ತಿಸುವವರೆಗೆ ಅವುಗಳಲ್ಲಿ ಯಾವ ಕನ್ನಡ ಶಬ್ದವನ್ನು ಹುಡುಕಿದರೂ ಉತ್ತರ ಒಂದೇ: ಇಲ್ಲ.

೬

ಈ ‘ಇಲ್ಲ’ ಎಂಬುದರ ಬೆಲೆಯನ್ನು ಈಗ ನಿರ್ಣಯಿಸಬೇಕು. ಗ್ರೆಪ್ ತನ್ನ ಕೆಲಸವನ್ನು ಮುಗಿಸಿದಾಗ ಒಂದು ಅಂಕವನ್ನು ಹಿಂದಿರುಗಿಸುತ್ತದೆ. ಸಿಕ್ಕಿದರೆ ೦, ಸಿಕ್ಕದಿದ್ದರೆ ೧, ಕಡತವನ್ನು ತೆರೆಯಲಾಗದೆ ಹೋಯಿತು ಎಂಬಂತಹ ದೋಷವಾದರೆ ೨. ನೋಡಿದೆ, ಇಲ್ಲ ಎಂಬುದನ್ನೂ, ನೋಡಲಾಗಲಿಲ್ಲ ಎಂಬುದನ್ನೂ ಅದು ಪ್ರತ್ಯೇಕಿಸುತ್ತದೆ. ಆದರೆ ಮೇಲೆ ಕಂಡ ನಮ್ಮ ಉದಾಹರಣೆಗಳೆಲ್ಲವೂ ಮೂರನೆಯ ಬಗೆಗೆ ಸೇರುವುದಿಲ್ಲವೆಂಬುದು ವಿಚಾರಾರ್ಹ. ‘ನಮ್ಮೂರು’ ಸಿಕ್ಕದಾಗಲೂ, ನುಡಿಯ ಕಡತದಲ್ಲಿ ಕನ್ನಡ ಕಾಣದಾಗಲೂ ಬರುವುದು ೧ ಎಂಬ ಅಂಕವೇ. ಕೇಳಿದ ಪ್ರಶ್ನೆಗೆ ಯಂತ್ರವು ಪ್ರಾಮಾಣಿಕವಾಗಿ ಉತ್ತರಿಸಿದೆ. ಪ್ರಶ್ನೆಯೇ ನಾವು ಕೇಳಬೇಕೆಂದಿದ್ದುದಲ್ಲ.

ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವವರಿಗೆ ಇದರ ಸಾದೃಶ್ಯ ತಟ್ಟನೆ ಹೊಳೆಯುತ್ತದೆ. ತಾಳೆಪಟ್ಟಿಯ ಎರಡು ಮಗ್ಗುಲುಗಳೂ ಕೂಡಿಬಂದವೆಂದ ಮಾತ್ರಕ್ಕೆ ಲೆಕ್ಕವು ಸರಿಯೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಒಂದು ವ್ಯವಹಾರವನ್ನು ಪುಸ್ತಕಕ್ಕೆ ಹತ್ತಿಸುವುದನ್ನೇ ಬಿಟ್ಟಿದ್ದರೆ ಎರಡೂ ಕಡೆ ಅಷ್ಟೇ ಕಡಮೆಯಾಗಿ, ಪಟ್ಟಿಯು ನಿ‌ರ್ದುಷ್ಟವಾಗಿಯೇ ಕೂಡಿಬರುತ್ತದೆ. ಬಿಟ್ಟುಹೋದದ್ದನ್ನು ಕಂಡುಹಿಡಿಯಲು ಪಟ್ಟಿಯ ಹೊರಗಿನ ಆಧಾರ ಬೇಕು. ಮೂಲ ರಶೀದಿಗಳ ಬಳಿಗೆ ಹೋಗಬೇಕು. ನಮ್ಮ ವಿಷಯದಲ್ಲಿ ಆ ಮೂಲ ರಶೀದಿ ಎಂದರೆ ಪಠ್ಯದ ಓದು.

ಇಲ್ಲದಿರುವುದನ್ನು ಪ್ರಮಾಣವಾಗಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಹೈದರಾಬಾದಿಗೆ ಸಂಬಂಧಿಸಿದ ಒಂದು ಉದಾಹರಣೆಯನ್ನೇ ಕೊಡಬಹುದು. ದೇವಾನಾಂಪ್ರಿಯನೆಂಬ ಬಿರುದಿನಿಂದ ಶಾಸನಗಳನ್ನು ಬರೆಸಿದ ಅರಸನು ಅಶೋಕನೇ ಎಂಬುದನ್ನು ವಿದ್ವಾಂಸರು ಸಿಂಹಳದ ಇತಿಹಾಸಗ್ರಂಥಗಳ ನೆರವಿನಿಂದ ಊಹಿಸಿದ್ದರು. ಆದರೆ ಅದುವರೆಗೆ ದೊರೆತ ಅವನ ಯಾವ ಧರ್ಮಲಿಪಿಯಲ್ಲಿಯೂ ಅಶೋಕನೆಂಬ ಹೆಸರಿರಲಿಲ್ಲ. ೧೯೧೫ರಲ್ಲಿ, ಆಗ ನಿಜಾಮರ ರಾಜ್ಯದಲ್ಲಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಶಾಸನ ದೊರೆಯಿತು. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿ, ಹೈದರಾಬಾದಿನ ಪ್ರಾಕ್ತನ ಇಲಾಖೆಯ ಗ್ರಂಥಮಾಲೆಯ ಮೊದಲ ಸಂಖ್ಯೆಯಾಗಿ ಪ್ರಕಟಿಸಿದರು. ಅದರಲ್ಲಿ ಹೆಸರಿತ್ತು. ೧೯೧೪ರಲ್ಲಿ ಎಲ್ಲ ಧರ್ಮಲಿಪಿಗಳನ್ನೂ ಒಟ್ಟಿಗಿಟ್ಟು ಯಾವ ಉಪಕರಣದಿಂದ ಹುಡುಕಿದ್ದರೂ ಎಣಿಕೆ ಸೊನ್ನೆಯೇ ಆಗುತ್ತಿತ್ತು. ಆ ಸೊನ್ನೆಯ ಮೇಲೆ ಕಟ್ಟಿದ ಸಿದ್ಧಾಂತವು ಒಂದೇ ವರ್ಷದಲ್ಲಿ ಬೀಳುತ್ತಿತ್ತು.

ಆದುದರಿಂದ ಮೂರು ನಿಯಮಗಳನ್ನು ವಿದ್ವಾಂಸರ ಪರಿಶೀಲನೆಗಾಗಿ ಮುಂದಿಡುತ್ತೇನೆ. ಮೊದಲನೆಯದು: ಯಂತ್ರದಿಂದ ಹುಡುಕಿ ಎಣಿಕೆಯನ್ನು ಹೇಳುವ ಲೇಖಕನು, ತಾನು ಬಳಸಿದ ಪಠ್ಯವು ಯಾವ ಮುದ್ರಣದಿಂದ ಬಂದದ್ದು, ಯಾವ ಉಪಕರಣದ ಯಾವ ಆವೃತ್ತಿ, ಕೊಟ್ಟ ಶೋಧನಸೂತ್ರ ಯಾವುದು ಎಂಬ ಮೂರನ್ನೂ ಹೇಳತಕ್ಕದ್ದು. ಎರಡನೆಯದು: ಇದೆ ಎಂಬ ಉತ್ತರವನ್ನು ಸಂದರ್ಭದೊಡನೆ ನೋಡಿ ಅಂಗೀಕರಿಸಬಹುದು, ಇಲ್ಲ ಎಂಬ ಉತ್ತರವನ್ನು, ಸಂಧಿರೂಪಗಳನ್ನೂ ಲಿಪಿಭೇದಗಳನ್ನೂ ಪರೀಕ್ಷಿಸಿದ ವಿವರವಿಲ್ಲದೆ ಅಂಗೀಕರಿಸಲಾಗದು. ಮೂರನೆಯದು: ೞ, ಱಗಳ ಬಳಕೆಯಿಂದ ಕಾಲವನ್ನು ನಿರ್ಣಯಿಸುವ ಲೇಖನಗಳಲ್ಲಿ, ಟೈಪು ಮಾಡಿದವರು ಆ ಅಕ್ಷರಗಳನ್ನು ಉಳಿಸಿಕೊಂಡಿದ್ದಾರೆಯೇ, ಅಥವಾ ಅನುಕೂಲಕ್ಕಾಗಿ ಳ, ರ ಎಂದು ಬದಲಿಸಿದ್ದಾರೆಯೇ ಎಂಬುದನ್ನು ಮೊದಲು ಸ್ಥಾಪಿಸಬೇಕು. ಇಲ್ಲದಿದ್ದರೆ ನಾವು ನಿರ್ಣಯಿಸುವುದು ಟೈಪು ಮಾಡಿದವನ ಕಾಲವನ್ನೇ ಹೊರತು ಕವಿಯ ಕಾಲವನ್ನಲ್ಲ.

೭

ಇಷ್ಟೆಲ್ಲ ದೋಷಗಳನ್ನು ಹೇಳಿದ ಮೇಲೆ ಈ ಉಪಕರಣಗಳನ್ನು ದೂರವಿಡಬೇಕೆಂಬುದು ನನ್ನ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಪರಸ್ಥಳದಲ್ಲಿರುವ ಕನ್ನಡಿಗರಿಗೆ ಇವುಗಳ ಅಗತ್ಯ ಒಳನಾಡಿನವರಿಗಿಂತ ಹೆಚ್ಚು. ದೊಡ್ಡ ಗ್ರಂಥಭಂಡಾರಗಳು ನಮಗೆ ದೂರ, ಗುರುಗಳು ದೂರ, ರಜೆಯ ದಿನಗಳು ಕಡಮೆ. ಕೈಯಲ್ಲಿರುವ ನಾಲ್ಕು ಪಠ್ಯಗಳಿಂದ ಹೆಚ್ಚಿನದನ್ನು ಪಡೆಯುವ ಮಾರ್ಗವಿದು. ೨೦೧೦ರ ದಶಕದಲ್ಲಿ ರೂಪುಗೊಂಡ ‘ವಚನ ಸಂಚಯ’ವು ಶರಣರ ವಚನಗಳಲ್ಲಿ ಶಬ್ದವನ್ನು ಹುಡುಕಿ ನೋಡುವ ಅನುಕೂಲವನ್ನು ಎಲ್ಲರಿಗೂ ಒದಗಿಸಿಕೊಟ್ಟಿತು. ತಂತ್ರವನ್ನು ಬಲ್ಲವರೂ ಸಾಹಿತ್ಯವನ್ನು ಬಲ್ಲವರೂ ಕೂಡಿದರೆ ಏನಾಗಬಹುದೆಂಬುದಕ್ಕೆ ಅದು ಸಾಕ್ಷಿ.

ಹೈದರಾಬಾದಿನಲ್ಲಿ ಈ ಕೂಡುವಿಕೆಗೆ ವಿಶೇಷವಾದ ಅವಕಾಶವಿದೆ. ೧೯೫೬ರ ನವೆಂಬರ್ ೧ರವರೆಗೆ ಕಲಬುರಗಿ, ರಾಯಚೂರು, ಬೀದರಗಳಿಗೆ ಇದೇ ರಾಜಧಾನಿಯಾಗಿತ್ತು. ಆ ಜಿಲ್ಲೆಗಳ ಕನ್ನಡ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿ ಕೊಟ್ಟ ಸಂಪುಟವು ರಾಜ್ಯವು ಹಂಚಿಹೋದ ಮೇಲೂ, ೧೯೫೮ರಲ್ಲಿ, ಹೈದರಾಬಾದಿನ ಗ್ರಂಥಮಾಲೆಯಲ್ಲಿಯೇ ಹೊರಬಂದಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತ ಬೆಳೆದ ಹಿರಿಯ ತಲೆಮಾರಿನವರಿಗೆ ಈ ಪರಂಪರೆಯ ಪರಿಚಯ ಚೆನ್ನಾಗಿದೆ. ನಗರದ ಪಶ್ಚಿಮದಂಚಿನಲ್ಲಿ ಈ ಲೇಖಕನು ವಾಸಿಸುವ ಮಣಿಕೊಂಡದ ಸ್ಥಿತಿ ಬೇರೆ. ಗಚ್ಚಿಬೌಲಿ, ನಾನಕರಾಂಗುಡಗಳ ಸಾಫ್ಟ್‌ವೇರ್ ಕಚೇರಿಗಳಿಗೆ ಸಮೀಪವಾದುದರಿಂದ ಇಲ್ಲಿಯ ವಸತಿಗಳಲ್ಲಿ ಕನ್ನಡದ ತರುಣ ತರುಣಿಯರು ಬಂದು ನೆಲೆಸಿದ್ದಾರೆ. ಮೇಲೆ ವಿವರಿಸಿದ ಉಪಕರಣಗಳು ಅವರಿಗೆ ದಿನದ ಕೆಲಸದ ಸಾಮಗ್ರಿ. ‘ಪಾತ್’ ಏನೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೋಪಸಂಧಿ ಏನೆಂಬುದನ್ನು ಹೇಳಿಕೊಡಬೇಕಾದೀತು. ಕಾಚಿಗುಡದಲ್ಲಿ ಈ ಸ್ಥಿತಿ ತಿರುಗುಮುರುಗು. ಇವೆರಡರ ನಡುವಣ ದೂರವು ಒಂದು ನಗರದೊಳಗಿನದೇ ಆದರೂ ಎರಡು ಕಡೆಯವರೂ ಒಂದೇ ಮೇಜಿನ ಮುಂದೆ ಕೂಡುವುದು ರಾಜ್ಯೋತ್ಸವದ ಊಟದಲ್ಲಿ ಮಾತ್ರವೆಂಬುದು ಖೇದದ ಸಂಗತಿ.

ಮೊದಲ ಕೆಲಸವು ದೊಡ್ಡದಾಗಿರಬೇಕಿಲ್ಲ. ನಮ್ಮ ಸಂಘದ ಹಳೆಯ ಸಂಚಿಕೆಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದೇ ರೂಪಕ್ಕೆ ತಂದು, ಅಚ್ಚಾದ ಪ್ರತಿಯೊಡನೆ ಸಾಲುಸಾಲಾಗಿ ತಾಳೆ ನೋಡಿ, ಒಂದು ಶಬ್ದಸೂಚಿಯನ್ನು ಸಿದ್ಧಪಡಿಸಬಹುದು. ಪರಿವರ್ತಿಸುವುದು ಒಂದು ಕಡೆಯವರಿಂದ, ತಾಳೆ ನೋಡುವುದು ಇನ್ನೊಂದು ಕಡೆಯವರಿಂದ ಆಗಲಿ. ಆ ಕಡತಗಳನ್ನು ತೆರೆಯಬಲ್ಲ ಫಾಂಟುಗಳೂ, ಆ ಸಂಚಿಕೆಗಳಲ್ಲಿ ಬರೆದ ಹಿರಿಯರೂ ನಮ್ಮ ನಡುವೆ ಇರುವಾಗಲೇ ಇದು ನಡೆಯಬೇಕು. ಅಂತಹ ಸೂಚಿಯಲ್ಲಿ ‘ಊರು’ ಎಂಬ ಶಬ್ದದ ಕೆಳಗೆ ‘ನಮ್ಮೂರು’ ಎಂಬ ರೂಪವೂ ಸೇರಿರುವಂತೆ ನೋಡಿಕೊಳ್ಳುವುದು ಸಂಪಾದಕರ ಹೊಣೆಯಾಗುತ್ತದೆ. ಈ ಸಲಹೆಯು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಚರ್ಚೆಗೆ ಬರಲೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.